ಐದು ಶನಿವಾರ, ಮೂರು ಸಾವಿರ ರೂಪಾಯಿ: ಪಿಎಚ್‌ಡಿ ಮಾಡೋರ ಕೌಶಲ ಶಿಬಿರ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಐದು ಶನಿವಾರಗಳಲ್ಲಿ ಎರಡು ತುಂಬ ಚೆನ್ನಾಗಿದ್ದವು, ಒಂದು ಪರವಾಗಿಲ್ಲ, ಒಂದು ಸುಮ್ನೆ, ಇನ್ನೊಂದರಲ್ಲಿ ನಾನು ಎದ್ದು ಆಚೆ ಬರಬೇಕಿತ್ತು, ಬರಲಿಲ್ಲ. ಊಟ ಚೆನ್ನಾಗಿತ್ತು.

ನಾನು ಮಂಡ್ಯದವನು. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ, ನಾಲ್ಕನೇ ವರ್ಷ ನಡೀತಿದೆ. ವಿಷಯ ನಮ್ಮೂರ ಆಲೆಮನೆಗಳು. ಪ್ರಬಂಧ ಬರೆಯುತ್ತಿರುವುದು ಕನ್ನಡದಲ್ಲಿ. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಆಗಿದೆ, ಅದರಲ್ಲಿ ಸಿಗೋ ಸಂಶೋಧನಾ ವೇತನ ಜೆಆರ್‌ಎಫ್ ಆಗಿಲ್ಲ. ತಿಂಗಳಿಗೆ 37,000 ರೂಪಾಯಿ ಜೆಆರ್‌ಎಫ್ ಬರುವವರಿಗೆ ಮೂರು ಸಾವಿರ ಒಂದು ಲೆಕ್ಕ, ಎರಡು ಕಾಲೇಜಿಗೆ ಪಾಠಕ್ಕೆ ಓಡಾಡಿಕೊಂಡು ಓದುವವನಿಗೆ ಇನ್ನೊಂದು ಲೆಕ್ಕ. ನಾನು ಬರೆಯುತ್ತಿರುವುದು ಎರಡನೇ ಲೆಕ್ಕದಲ್ಲಿ.

ಶಿಬಿರ ನಡೆದದ್ದು ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆಯಿಂದ ನಡೆದು ಹೋಗುವಷ್ಟು ದೂರದ ಒಂದು ಮಹಡಿ ಮೇಲಿನ ಹಾಲ್‌ನಲ್ಲಿ. ನಡೆಸಿದವರ ಹೆಸರು ಹಾಕುತ್ತಿಲ್ಲ. ನನಗೆ ಸಿಟ್ಟಿರುವುದು ಒಬ್ಬಿಬ್ಬರ ಮೇಲೆ, ಹೆಸರು ಹಾಕಿದರೆ ಚೆನ್ನಾಗಿ ಕಲಿಸಿದವರಿಗೂ ಮಸಿ ಅಂಟುತ್ತದೆ. ಈ ಥರದ ಶಿಬಿರಗಳು ಈಗ ಊರಲ್ಲಿ ಜಾಸ್ತಿಯಾಗಿವೆ, ಎಲ್ಲದರ ಪೋಸ್ಟರ್‌ನಲ್ಲೂ ಅದೇ ಮಾತು, ಅದೇ ಕೋಟು ಹಾಕಿಕೊಂಡು ನಗುವ ಹುಡುಗಿ. ಆದ್ದರಿಂದ ಯಾವುದಕ್ಕೆ ಸೇರಿದರೂ ಏನು ಕೇಳಿ ಸೇರಬೇಕು ಅಂತ ಗೊತ್ತಾದರೆ ಸಾಕು.

ಯಾಕೆ ಸೇರಿದೆ ಅಂದರೆ, ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ಸ್ಯಾಂಪಲಿಂಗ್ ವಿಧಗಳ ಬಗ್ಗೆ ನಾಲ್ಕು ಪುಟ ಬರೆದು ಪಾಸಾದವನು ನಾನು. ಒಂದು ಪತ್ರಿಕೆಯ ಸಂಪಾದಕರಿಗೆ ಮೇಲ್ ಬರೆಯೋದು ಹೇಗೆ, ನನ್ನ ಕೆಲಸದ ಬಗ್ಗೆ ಗೊತ್ತಿಲ್ಲದವರ ಮುಂದೆ ಮಾತಾಡೋದು ಹೇಗೆ, ಇನ್ನೂರು ಪುಸ್ತಕ ಲೇಖನಗಳ ಪಟ್ಟಿ ಇಟ್ಟುಕೊಳ್ಳೋದು ಹೇಗೆ, ಇದನ್ನೆಲ್ಲ ಯಾರೂ ಹೇಳಿರಲಿಲ್ಲ.

ನಾಲ್ಕನೇ ಶನಿವಾರದಿಂದ ಶುರು ಮಾಡುತ್ತೇನೆ. ಕೊಟ್ಟ ಮೂರು ಸಾವಿರದಲ್ಲಿ ಎರಡು ಸಾವಿರ ವಸೂಲಾಗಿದ್ದು ಅವತ್ತೇ. ಕಲಿಸಿದ ಮೇಡಂ ನಾಟಕದಿಂದ ಬಂದವರು. ಪ್ರೊಜೆಕ್ಟರ್ ಆರಿಸಿ ಅಂದರು. ಮೊಬೈಲ್‌ನಲ್ಲಿ ಮೂರು ನಿಮಿಷದ ಅಲಾರಂ ಇಟ್ಟು ಮೇಜಿನ ಮೇಲೆ ಇಟ್ಟರು. ಮೂರು ನಿಮಿಷದಲ್ಲಿ ಸಂಶೋಧನೆ ಹೇಳುವ ಈ ಸ್ಪರ್ಧೆ 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತಂತೆ. ಆಗ ಅಲ್ಲಿ ಬರಗಾಲ. ನೀರು ಉಳಿಸಲು ಜನ ಬಚ್ಚಲುಮನೆಯ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡು ಅಷ್ಟರೊಳಗೆ ಸ್ನಾನ ಮುಗಿಸುತ್ತಿದ್ದರು, ಅದನ್ನು ನೋಡಿ ಅಲ್ಲಿನ ಡೀನ್ ಒಬ್ಬರಿಗೆ ಇದು ಹೊಳೆಯಿತು. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ಊರಿನವನಿಗೆ ಇದು ಅರ್ಥವಾಗದೆ ಇರುತ್ತದಾ? ನಿನ್ನ ಸರದಿ ಬಂದಾಗ ಗದ್ದೆ ತುಂಬಿಸ್ಕೋ, ಮುಗಿದರೆ ತೂಬು ಬಂದ್.

ನನ್ನ ಸರದಿ ಬಂತು. ಎದ್ದು ನಿಂತು 'ಮಂಡ್ಯ ಜಿಲ್ಲೆಯ ಬೆಲ್ಲ ತಯಾರಿಕಾ ಘಟಕಗಳ ಆರ್ಥಿಕ ಸ್ಥಿತಿಗತಿ: ಒಂದು ವಿಶ್ಲೇಷಣಾತ್ಮಕ ಅಧ್ಯಯನ' ಅಂತ ಶೀರ್ಷಿಕೆ ಓದಿದೆ. ಅಧ್ಯಯನದ ಉದ್ದೇಶಗಳು ಆರು ಅಂದೆ. ನಾಲ್ಕನೇ ಉದ್ದೇಶಕ್ಕೆ ಬರುವಷ್ಟರಲ್ಲಿ ಮೊಬೈಲ್ ಕೂಗಿತು. ಯಾರೂ ನಗಲಿಲ್ಲ, ಯಾಕಂದರೆ ಅದುವರೆಗೆ ಎದ್ದ ಒಂಬತ್ತು ಜನರದ್ದೂ ಅದೇ ಗತಿ.

ಆಮೇಲೆ ಮೇಡಂ ಒಂದು ಕೆಲಸ ಮಾಡಿದರು. ಪಕ್ಕದವರ ವಿಷಯ ನೀವು ಹೇಳಬೇಕು, ನಿಮ್ಮದನ್ನು ಅವರು. ಕೇಳಿ ತಿಳಿದುಕೊಳ್ಳಲು ಹತ್ತು ನಿಮಿಷ. ನನ್ನ ಪಕ್ಕ ಕೂತವರು ಆಹಾರ ವಿಜ್ಞಾನದವರು, ರಾಗಿ ಮೊಳಕೆ ಮೇಲೆ ಕೆಲಸ ಮಾಡುತ್ತಿದ್ದಾರೆ, ಆಲೆಮನೆಯನ್ನು ಬಸ್ಸಿನ ಕಿಟಕಿಯಿಂದ ಹೊಗೆಯಾಗಿ ನೋಡಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಕೇಳುತ್ತಾ ಹೋದರು.

'ಕಬ್ಬಿಗೆ ದುಡ್ಡು ಯಾವಾಗ ಕೊಡ್ತಾರೆ ಸರ್?'

'ವಾರದೊಳಗೆ. ಕೂಲಿಯವರಿಗೆ ವಾರ ಕಾಯೋ ಹಾಗಿಲ್ಲ, ಅವತ್ತಿಂದು ಅವತ್ತೇ.'

'ಬೆಲ್ಲದ ದುಡ್ಡು?'

'ಮಂಡಿ ವ್ಯಾಪಾರಿಗಳು ಕೊಟ್ಟಾಗ.'

'ಮತ್ತೆ ನಡುವೆ ಏನ್ ಮಾಡ್ತಾರೆ?'

'ಮಂಡಿಯವರೇ ಮುಂಗಡ ಕೊಟ್ಟಿರ್ತಾರಲ್ಲ. ಬೆಲ್ಲ ಅವರಿಗೇ ಹಾಕ್ಬೇಕು.'

ಒಂದು ಕ್ಷಣ ಸುಮ್ಮನಿದ್ದು ಪೆನ್ನಿನ ಮುಚ್ಚಳ ಹಾಕಿಟ್ಟರು. ಎದ್ದು ಹೋಗಿ ಮೊದಲ ಸಾಲಿನಲ್ಲೇ ಹೇಳಿದ್ದು ಇದು: 'ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಗೆ ಕಬ್ಬಿನ ಹಾಲು ಬೀಳೋ ಮೊದಲೇ ಬೆಲ್ಲ ಮಾರಾಟ ಆಗಿಹೋಗಿರುತ್ತೆ.'

ನಾನು ನಾಲ್ಕು ವರ್ಷದಲ್ಲಿ 64 ಆಲೆಮನೆ ತಿರುಗಿದ್ದೇನೆ. ಬಿಸಿ ಬೆಲ್ಲ ಕೈಗೆ ಹಾಕಿಸಿಕೊಂಡು ನೆಕ್ಕಿದ್ದೇನೆ, ಲೆಕ್ಕದ ಪುಸ್ತಕ ತೋರಿಸಲು ಒಪ್ಪದವರ ಮನೆಗೆ ಮೂರು ಮೂರು ಸಲ ಹೋಗಿದ್ದೇನೆ. ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದದ್ದು ಆರು ಉದ್ದೇಶಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಮುಂದಿನ ವಾರ ನಮ್ಮ ಗೈಡ್‌ಗೆ ಹೇಳಿದೆ. ಸರ್ ಕನ್ನಡಕ ತೆಗೆದು, 'ಇದನ್ನ ಸಿನಾಪ್ಸಿಸ್‌ನಲ್ಲೇ ಬರೀಬಾರ್ದಿತ್ತೇನಯ್ಯಾ' ಅಂದರು. ಮೊದಲ ಅಧ್ಯಾಯ ಈಗ ಅಲ್ಲಿಂದಲೇ ಶುರು. ಅವರ ರಾಗಿ ಮೊಳಕೆಗೆ ನಾನು ಅಷ್ಟು ನ್ಯಾಯ ಕೊಡಲಿಲ್ಲ ಅನ್ನೋ ಬೇಜಾರಿದೆ.

ಎರಡನೇ ಶನಿವಾರವೂ ಹೀಗೇ, ಕೈಯಲ್ಲಿ ಮಾಡಿಸಿದ್ದು. ನಿವೃತ್ತ ಗ್ರಂಥಪಾಲಕರೊಬ್ಬರು ಬಂದಿದ್ದರು. 'ನಾನು ಮಾತಾಡಲ್ಲ, ಲ್ಯಾಪ್‌ಟಾಪ್ ತೆಗೀರಿ' ಅಂದರು. ಆಕರಗಳ ಪಟ್ಟಿ ಇಟ್ಟುಕೊಳ್ಳೋ ಜೊಟೆರೊ ಅನ್ನೋ ತಂತ್ರಾಂಶ ಹಾಕಿಸಿದರು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು 2006ರಲ್ಲಿ ಬಿಟ್ಟಿದ್ದು, ಪೂರ್ತಿ ಉಚಿತ. ಆನ್‌ಲೈನ್‌ನಲ್ಲಿ ಇಡಲು 300 ಎಂಬಿವರೆಗೆ ದುಡ್ಡಿಲ್ಲ. ಬ್ರೌಸರ್‌ನಲ್ಲಿ ಲೇಖನ ತೆರೆದು ಒಂದು ಗುಂಡಿ ಒತ್ತಿದರೆ ಲೇಖಕರು, ವರ್ಷ, ಪುಟ ಎಲ್ಲ ಬಂದು ಕೂರುತ್ತದೆ. ನಾನು ಅದುವರೆಗೆ ಮಾಡುತ್ತಿದ್ದುದು ಒಂದು ವರ್ಡ್ ಫೈಲ್, ಅದರ ಹೆಸರು 'ಗ್ರಂಥಋಣ ಹೊಸದು ಕೊನೆಯದು 3'. ನಗಬೇಡಿ, ನಿಮ್ಮದೂ ಇದೆ.

ಆದರೆ ಕನ್ನಡದ ಪುಸ್ತಕ ಹಾಕುವಾಗ ತಕರಾರು ಶುರು. ಕೊನೆ ಹೆಸರು ಕೇಳುತ್ತದೆ. ನಮ್ಮ ಕಡೆಯ ಹೆಸರಲ್ಲಿ ಮುಂದಿನ ಎರಡು ಅಕ್ಷರ ಒಂದು ಊರಿಂದು, ಒಂದು ಅಪ್ಪಂದು, ಕೊನೆಯಲ್ಲಿರೋದು ಅವರದ್ದೇ ಹೆಸರು. ಮನೆತನದ ಹೆಸರು ಎಲ್ಲಿಂದ ತರೋದು? ಅದಕ್ಕೂ ಗ್ರಂಥಪಾಲಕ ಸರ್ ಒಂದು ದಾರಿ ಹೇಳಿದರು. ಹೆಸರನ್ನು ಎರಡು ತುಂಡು ಮಾಡದೆ ಒಂದೇ ಖಾನೆಯಲ್ಲಿ ಇಡೋ ಆಯ್ಕೆ ಪಕ್ಕದಲ್ಲೇ ಇರುತ್ತದೆ, ಯಾರೂ ನೋಡಿರಲ್ಲ. ಇಷ್ಟಾದರೂ ಕನ್ನಡ ಪಟ್ಟಿಯ ನಡುವೆ 'ಎಟ್ ಆಲ್' ಅಂತ ಇಂಗ್ಲಿಷ್ ಅಕ್ಷರ ಇಣುಕಿತು. ಅದನ್ನು ಕೊನೆಗೆ ಕೈಯಲ್ಲೇ 'ಮತ್ತು ಇತರರು' ಮಾಡಿಕೊಳ್ಳಬೇಕು.

ಅವತ್ತೇ ಮಧ್ಯಾಹ್ನ ಕೃತಿಚೌರ್ಯದ ಮಾತು ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮ ಬಿಡಿಸಿ ಹೇಳಿದರು. ಹೋಲಿಕೆ 10 ಶೇಕಡಾದವರೆಗೆ ಇದ್ದರೆ ಶಿಕ್ಷೆ ಇಲ್ಲ, 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಕೊಡೋ ಹಾಗೇ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಎಲ್ಲರಿಗೂ ಗೊತ್ತು. ಜನಕ್ಕೆ ಗೊತ್ತಿಲ್ಲದ್ದು ಏನನ್ನು ಲೆಕ್ಕಕ್ಕೆ ಹಿಡಿಯಲ್ಲ ಅನ್ನೋದು. ಮೂಲ ಹೇಳಿ ಉದ್ಧರಿಸಿದ ಮಾತು, ಆಕರ ಪಟ್ಟಿ, ಪರಿವಿಡಿ, ಕೃತಜ್ಞತೆ ಇವೆಲ್ಲ ಹೊರಗೆ. ಸಾಮಾನ್ಯ ಮಾತು ಒಂದರ ಹಿಂದೊಂದು 14 ಪದದವರೆಗೆ ಹೊಂದಿಕೊಂಡರೂ ಹೊರಗೆ. ಇದು ಗೊತ್ತಿಲ್ಲದೆ ನನ್ನ ಗೆಳೆಯನೊಬ್ಬ ಹೋಲಿಕೆ ಕಮ್ಮಿ ಮಾಡಲು ಹೋಗಿ ಉದ್ಧರಣೆಗಳನ್ನೇ ತಿರುಚಿ ಬರೆದಿದ್ದ.

ಇಲ್ಲೊಂದು ಕೊರತೆ ಹೇಳಲೇಬೇಕು. ಹಿಂದಿನ ಸಾಲಿನಲ್ಲಿದ್ದ ಜಾನಪದದ ಅಕ್ಕ ಒಬ್ಬರು 180 ಪುಟ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದಾರೆ. ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹಾರಿ ಕೂರುತ್ತದೆ. ಇದಕ್ಕೆ ಏನು ಮಾಡೋದು ಅಂತ ಕೇಳಿದರು. ಗ್ರಂಥಪಾಲಕರು ಪಾಪ ಗೊತ್ತಿದ್ದಷ್ಟು ಹೇಳಿದರು, ಪಕ್ಕದಲ್ಲಿದ್ದ ಸಂಯೋಜಕರು ಮಾತ್ರ 'ಇಂಗ್ಲಿಷ್‌ನಲ್ಲೇ ಮಾಡ್ಬೇಕಿತ್ತು ಮೇಡಂ' ಅಂದುಬಿಟ್ಟರು. ಮಾನಸಗಂಗೋತ್ರಿಗೆ ಕೂಗಳತೆಯಲ್ಲಿ ಕೂತು ಆಡೋ ಮಾತಾ ಇದು? ಕನ್ನಡದಲ್ಲಿ ಪ್ರಬಂಧ ಬರೆಯುವವರು ಹಾಲ್‌ನಲ್ಲಿ ಒಂಬತ್ತು ಜನ ಇದ್ದೆವು, ಫೀಸು ಎಲ್ಲರಷ್ಟೇ ಕೊಟ್ಟಿದ್ದೆವು.

ಮೂರನೇ ಶನಿವಾರ. 'ಪ್ರಕಟಣೆಯ ತಂತ್ರಗಳು' ಅಂತ ಹೆಸರು. ಬಂದವರು ಸೂಟು ಹಾಕಿಕೊಂಡಿದ್ದರು. ಮೊದಲ ಸ್ಲೈಡ್‌ನಲ್ಲೇ 'ಯುಜಿಸಿ ಕೇರ್ ಪಟ್ಟಿ ನೋಡಿ' ಅಂತ ದಪ್ಪಕ್ಷರ. ಒಪ್ಪಿತ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ನಿಲ್ಲಿಸಿದೆ, ಪತ್ರಿಕೆ ಹೇಗಿದೆ ಅಂತ ನೀವೇ ನೋಡಿ ತೂಗಿ ಅಂತ ಕೆಲವು ಮಾನದಂಡ ಕೊಟ್ಟಿದೆ. ಕೈ ಎತ್ತಿ ಹೇಳಿದೆ. 'ಹೌದಾ, ಇರಲಿ, ಕಾನ್ಸೆಪ್ಟ್ ಒಂದೇ' ಅಂದರು. ಇನ್ನೊಂದು, ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯ ಯುಜಿಸಿಯ 2022ರ ನಿಯಮದಲ್ಲಿ ಇಲ್ಲ, ನಿಮ್ಮ ವಿಶ್ವವಿದ್ಯಾಲಯ ಏನು ಕೇಳುತ್ತದೆ ಅಂತ ಬೇರೆ ನೋಡಿಕೊಳ್ಳಬೇಕು. ಅದನ್ನೂ ಹೇಳಲಿಲ್ಲ. ಹೆದರಿಕೆ ಇದ್ದರೆ ತಾನೇ ವ್ಯಾಪಾರ. ಊಟ ಆದಮೇಲೆ ಬಣ್ಣಬಣ್ಣದ ಚೀಟಿ ಹಂಚಿದರು. ಏಳು ದಿನದಲ್ಲಿ ಪ್ರಕಟಣೆ, ಇಬ್ಬರು ಸೇರಿ ಬರೆದರೆ ರಿಯಾಯಿತಿ. ಪರಿಶೀಲಕರು ಓದಬೇಕು, ಅವರು ಹೇಳಿದ್ದನ್ನು ನಾವು ತಿದ್ದಬೇಕು, ಅದು ಏಳು ದಿನದಲ್ಲಿ ಆಗುತ್ತದಾ? ಕೌಶಲ ಕಲಿಯಲು ದುಡ್ಡು ಕೊಟ್ಟು ಬಂದವರ ಮುಂದೆ ಇನ್ನೊಂದು ಅಂಗಡಿ ತೆರೆಯುವುದು ಸರಿಯಲ್ಲ. ಎದ್ದು ಬರಬೇಕಿತ್ತು ಅಂದೆನಲ್ಲ, ಇಲ್ಲಿಂದ. ಮಧ್ಯಾಹ್ನದ ಬಿಸಿಬೇಳೆಬಾತ್ ಹೊಟ್ಟೆಯಲ್ಲಿ ಭಾರವಾಗಿ ಕೂತಿತ್ತು.

ಮೊದಲ ಶನಿವಾರದ ಬಗ್ಗೆ ಹೆಚ್ಚು ಹೇಳೋದಿಲ್ಲ. ಬ್ರಿಟನ್ನಿನ ವಿಟೇ ಅನ್ನೋ ಸಂಸ್ಥೆ 2010ರಲ್ಲಿ ಸಂಶೋಧಕರ ಬೆಳವಣಿಗೆಗೆ ಒಂದು ಚೌಕಟ್ಟು ಮಾಡಿತ್ತು, ನಾಲ್ಕು ದೊಡ್ಡ ಭಾಗ, ಅದರೊಳಗೆ 12, ಅದರೊಳಗೆ 63 ಅಂಶ. ಎಲ್ಲ ಒಂದೇ ಚಕ್ರದ ಚಿತ್ರದಲ್ಲಿ, ಹಿಂದಿನ ಸಾಲಿಗೆ ಅಕ್ಷರ ಸಾಸಿವೆ ಕಾಳು. ಚೌಕಟ್ಟು ಕೆಟ್ಟದ್ದಲ್ಲ. ಮನೆಗೆ ಬಂದು ಓದಿದೆ, ಸಮಯ ನಿಭಾಯಿಸೋದರಿಂದ ಹಿಡಿದು ಜನರ ಜೊತೆ ಮಾತಾಡೋವರೆಗೆ ಎಲ್ಲ ಇದೆ. ಆದರೆ 63ನ್ನೂ ಓದಿ ಹೇಳಿದರೆ ಯಾರಿಗೆ ನಿದ್ದೆ ಬರಲ್ಲ? ಬ್ರಿಟನ್ನಿನಲ್ಲಿ 2002ರ ರಾಬರ್ಟ್ಸ್ ವರದಿ ಪಿಎಚ್‌ಡಿಯವರಿಗೆ ವರ್ಷಕ್ಕೆ ಎರಡು ವಾರವಾದರೂ ಇಂಥ ತರಬೇತಿ ಇರಬೇಕು ಅಂತ ಹೇಳಿತ್ತು, ಅದಕ್ಕೆ ಸರ್ಕಾರ ದುಡ್ಡೂ ಕೊಟ್ಟಿತು. ನಮ್ಮಲ್ಲೂ 2022ರ ನಿಯಮದಲ್ಲಿ ಪಾಠ ಹೇಳುವುದಕ್ಕೆ, ಬರೆಯುವುದಕ್ಕೆ ತರಬೇತಿ ಕೊಡಬೇಕು ಅಂತ ಇದೆ. ಅದು ಇಲಾಖೆಗಳಲ್ಲಿ ಸರಿಯಾಗಿ ನಡೆದರೆ ನಾವು ಶನಿವಾರ ಬೆಳಿಗ್ಗೆ ಮಂಡ್ಯದಿಂದ ಬಸ್ ಹತ್ತುವುದು ತಪ್ಪುತ್ತದೆ.

ಐದನೇ ಶನಿವಾರ ರೆಸ್ಯೂಮೆ, ಸಂದರ್ಶನ. ಹೂಟಗಳ್ಳಿ ಕಡೆಯ ಕಂಪನಿಯೊಂದರ ಎಚ್‌ಆರ್ ಬಂದಿದ್ದರು. ಪರವಾಗಿಲ್ಲ. ಅತಿಥಿ ಉಪನ್ಯಾಸಕರ ಪಟ್ಟಿ ಕಾಯೋದು ಬಿಟ್ಟು ಬೇರೆ ಏನಾದರೂ ಉಂಟಾ ಅಂತ ನೋಡುವವರಿಗೆ ಉಪಯೋಗ. '64 ಆಲೆಮನೆ ಸಂದರ್ಶನ' ಅಂತ ನಾನು ಒಂದು ಸಾಲು ಬರೆದಿದ್ದೆ. ಅದನ್ನು ಒಡೆಯಿರಿ ಅಂದರು. ಯಾರು ಒಪ್ಪಲಿಲ್ಲ, ಹೇಗೆ ಒಪ್ಪಿಸಿದಿರಿ, ಲೆಕ್ಕ ಹೊಂದದಾಗ ಏನು ಮಾಡಿದಿರಿ, ಅದನ್ನ ಬರೀರಿ ಅಂದರು. ಅಷ್ಟು ಒಳ್ಳೆಯ ಮಾತು. ಉಳಿದದ್ದು ಯೂಟ್ಯೂಬಿನಲ್ಲಿ ಸಿಗುತ್ತದೆ.

ಸರ್ಟಿಫಿಕೇಟು ಮೂರು ವಾರ ತಡವಾಗಿ ಬಂತು, ಅದೂ ಫೀಡ್‌ಬ್ಯಾಕ್ ಫಾರಂನಲ್ಲಿ ಐದಕ್ಕೆ ಐದು ಕೊಟ್ಟವರಿಗೆ ಬೇಗ ಬಂತು ಅಂತ ಒಂದು ಗುಮಾನಿ. ನಾನು ಮೂರು ಕೊಟ್ಟಿದ್ದೆ.

ಈಗ ಸೇರೋದಾದರೆ? ಸಂಶೋಧನಾ ವಿಧಾನ, ಪ್ರಕಟಣೆಯ ನೀತಿ ಇವಕ್ಕೆ ದುಡ್ಡು ಕೊಡಬೇಡಿ, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಸುಮ್ನೆ ಸಿಗುತ್ತದೆ, ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕಾದರೆ ಮಾತ್ರ ಫೀಸು. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಒಂದು ದಿನದಲ್ಲಿ ನಮ್ಮ ಕೈಲಿ ಎಷ್ಟು ಹೊತ್ತು ಕೆಲಸ ಮಾಡಿಸ್ತೀರಿ, ಕನ್ನಡದಲ್ಲಿ ಬರೆಯೋರಿಗೆ ಏನಿದೆ. ಎರಡನೇದಕ್ಕೆ ತಡವರಿಸಿದರೆ ಫೀಸು ಕಡಿಮೆ ಮಾಡಿ ಅಂತ ಕೇಳಿ, ತಮಾಷೆಗಲ್ಲ. ಎರಡು ದಿನಕ್ಕೆ ಮಾತ್ರ ಸೇರಿಸಿಕೊಳ್ಳಿ ಅಂತ ನಾನೂ ಕೇಳಿದ್ದೆ, ಆಗಲ್ಲ ಅಂದರು, ನಾಲ್ಕೈದು ಜನ ಒಟ್ಟಿಗೆ ಕೇಳಿದರೆ ಒಪ್ಪಿಯಾರು. ಬ್ಯಾಗಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟುಕೊಳ್ಳಿ. ಆ ಹಾಲ್‌ನಲ್ಲಿ ನಾವು 32 ಜನ, ಪ್ಲಗ್ ಆರು, ಅದರಲ್ಲಿ ಒಂದಕ್ಕೆ ಕಾಫಿ ಕೆಟಲ್.