ಮೈಸೂರಿನ ಕಸಿ ಘಟಕ: ಬಿಡಿಸಿ ಹೇಳುವುದರಲ್ಲಿ ಮುಂದು, ಖರ್ಚಿನ ಲೆಕ್ಕದಲ್ಲಿ ಹಿಂದು

ನನ್ನ ತಮ್ಮನಿಗಿದ್ದ ಎಎಂಎಲ್ ಎಂಬ ರಕ್ತಕ್ಯಾನ್ಸರ್ ಕೀಮೋದಿಂದ ಹತೋಟಿಗೆ ಬಂದು, ವರ್ಷ ತುಂಬುವ ಮೊದಲೇ ಮರುಕಳಿಸಿತು. ಮತ್ತೆ ಕೀಮೋ ಕೊಟ್ಟು ರೋಗವನ್ನು ತಗ್ಗಿಸಿದ ಬಳಿಕ, ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾನಿಯ ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ) ಕಸಿ ಮಾಡಿಸಿದೆವು. ಇದೇ ದಾರಿಯಲ್ಲಿರುವ ಕುಟುಂಬಗಳಿಗಾಗಿ ಆ ಘಟಕದ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

ದಾನಿಯ ಕೋಶ ರೋಗಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ನೋಡುವ ಜೀವಕೋಶದ ಗುರುತುಗಳೇ ಎಚ್‌ಎಲ್‌ಎ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಹೊಂದದಿದ್ದರೆ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕಬೇಕು, ಇಲ್ಲವೇ ಅರ್ಧ ಹೊಂದುವ ತಂದೆತಾಯಿ ಅಥವಾ ಮಕ್ಕಳಿಂದ ಪಡೆಯಬೇಕು. ನಮ್ಮ ಪುಣ್ಯ, ಅಕ್ಕನದು ಹೊಂದಿತು. ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರೆಂದು ಊರಿನಲ್ಲಿ ಯಾರೋ ಆಕೆಯನ್ನು ಹೆದರಿಸಿದ್ದರು. ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಮೂಳೆಮಜ್ಜೆಯಿಂದ ರಕ್ತಕ್ಕೆ ಇಳಿದ ಕೋಶಗಳನ್ನು ತೋಳಿನ ನರದಿಂದಲೇ ಯಂತ್ರದ ಮೂಲಕ ಬೇರ್ಪಡಿಸುತ್ತೇವೆ, ಆ ದಿನಗಳಲ್ಲಿ ಮೈಕೈ ಮೂಳೆ ನೋಯುತ್ತದೆ ಎಂದು ಸಂಯೋಜಕಿ ಅಕ್ಕನೊಬ್ಬಳನ್ನೇ ಕೂರಿಸಿಕೊಂಡು ಕನ್ನಡದಲ್ಲಿ ವಿವರಿಸಿದರು. ಒಪ್ಪುವುದು, ಬಿಡುವುದು ಅವಳ ಇಷ್ಟವೆಂದೂ ಹೇಳಿದರು.

ವೈದ್ಯರೂ ಏನನ್ನೂ ಮುಚ್ಚಿಡಲಿಲ್ಲ. ದಾನಿಯ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲಬಲ್ಲವು, ಆದರೆ ಅವೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೂ ತಿರುಗಿಬೀಳಬಹುದು. ರೋಗ ಮತ್ತೆ ಬರುವುದಿಲ್ಲವೆಂಬ ಖಾತರಿಯೂ ಇಲ್ಲ ಎಂದರು. ಈ ನೇರ ಮಾತೇ ನಮಗೆ ಧೈರ್ಯ ತಂದಿತು.

ಕಸಿ ಎಂದರೆ ಶಸ್ತ್ರಚಿಕಿತ್ಸೆಯಲ್ಲ, ರಕ್ತ ಏರಿಸುವಂತೆಯೇ ಚೀಲದಿಂದ ಕೋಶಗಳನ್ನು ಹನಿಸುತ್ತಾರೆ. ಕಷ್ಟವಿರುವುದು ಕೌಂಟ್, ಅಂದರೆ ರಕ್ತಕಣಗಳ ಎಣಿಕೆ, ಏರುವವರೆಗಿನ ವಾರಗಳಲ್ಲಿ. ಆಗ ಸೋಂಕು ಸುಲಭವಾಗಿ ತಗಲುತ್ತದೆ, ಹಸಿ ಪದಾರ್ಥ ತಿನ್ನುವಂತಿಲ್ಲ. ಅಮ್ಮ ತಂದ ಊಟದ ಡಬ್ಬಿಯನ್ನು ನರ್ಸ್ ದಿನವೂ ತೆರೆದು ನೋಡುತ್ತಿದ್ದರು. "ಬಿಸಿ ಮುದ್ದೆ ಸರಿ, ಬಸ್ಸಾರೂ ಸರಿ, ಮೇಲೆ ಹಸಿ ಕೊತ್ತಂಬರಿ ಮಾತ್ರ ಬೇಡಮ್ಮ" ಎನ್ನುವಾಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಕಾರ್ಡಿನ ಬೆಲೆ ಆಮೇಲೆ ತಿಳಿಯಿತು. ದಾನಿಯ ಮತ್ತು ರೋಗಿಯ ರಕ್ತದ ಗುಂಪು ಎರಡನ್ನೂ ಬರೆದು, ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೊಡಬೇಕೆಂದು ಅದರಲ್ಲಿ ಕೆಂಪಕ್ಷರದಲ್ಲಿ ಅಚ್ಚು ಹಾಕಿದ್ದರು. ಸಾಮಾನ್ಯ ರಕ್ತದಲ್ಲಿ ಉಳಿದಿರುವ ಜೀವಂತ ಬಿಳಿ ಕಣಗಳು ಇಂಥ ರೋಗಿಯ ದೇಹದಲ್ಲಿ ಬೆಳೆದು ಪ್ರಾಣಕ್ಕೇ ಎರವಾಗಬಹುದು. ಮಂಡ್ಯಕ್ಕೆ ಮರಳಿದ ಮೇಲೆ ಒಂದು ರಾತ್ರಿ ಪ್ಲೇಟ್‌ಲೆಟ್ ಇಳಿದಾಗ, ಹತ್ತಿರದ ಆಸ್ಪತ್ರೆಯಲ್ಲಿ ಸಾಮಾನ್ಯ ಚೀಲವನ್ನೇ ಏರಿಸಲು ಹೊರಟಿದ್ದರು. ಕಾರ್ಡ್ ನೋಡಿದ ಮೇಲೆ ನಿಲ್ಲಿಸಿ ಘಟಕಕ್ಕೆ ಫೋನ್ ಮಾಡಿದರು.

ಆಕ್ಷೇಪವಿರುವುದು ಖರ್ಚಿನ ಬಗ್ಗೆ. ಮೊದಲು ಕೊಟ್ಟ ಅಂದಾಜಿನಲ್ಲಿ ಕಸಿಯ ಮೊತ್ತವಿತ್ತೇ ಹೊರತು, ಆಮೇಲೆ ತಿಂಗಳುಗಟ್ಟಲೆ ಬೇಕಾಗುವ ಸೈಕ್ಲೋಸ್ಪೋರಿನ್ (ದಾನಿಯ ಕೋಶಗಳು ತಿರುಗಿಬೀಳದಂತೆ ತಡೆಯುವ ಔಷಧ), ರಕ್ತದಲ್ಲಿ ಅದರ ಮಟ್ಟದ ಪರೀಕ್ಷೆ, ಕಸಿಯಾದವರನ್ನು ಕಾಡಬಲ್ಲ ಸಿಎಂವಿ ಎಂಬ ವೈರಸ್‌ನ ಪರೀಕ್ಷೆಗಳ ಲೆಕ್ಕವಿರಲಿಲ್ಲ. ಹೊಲ ಅಡವಿಟ್ಟು ಬರುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಅಲ್ಲಿಗೆ ಹೋಗುವವರು ಈ ಖರ್ಚುಗಳ ಅಂದಾಜನ್ನೂ ದಾಖಲಾಗುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.