ಟವರಿನ ಎಲ್‌ಇಡಿ ಸಿಗ್ನಲ್ ಗನ್: ಬೆಳಕಿಗೆ ಪೂರ್ತಿ ಅಂಕ, ಮಳೆಗಾಲಕ್ಕೆ ಅರ್ಧ

ಸಿಗ್ನಲ್ ಗನ್ ಅಂದರೆ ವಿಮಾನದತ್ತ ಗುರಿಯಿಟ್ಟು ಬಣ್ಣದ ಬೆಳಕು ಬಿಡುವ ದೀಪ. ರೇಡಿಯೊ ಕೈಕೊಟ್ಟ ವಿಮಾನದ ಜೊತೆ ವಿಮಾನ ನಿಲ್ದಾಣದ ಕಂಟ್ರೋಲ್ ಟವರು ಮಾತಾಡುವುದು ಈ ದೀಪದಿಂದಲೇ. ಯಾವ ಬಣ್ಣಕ್ಕೆ ಏನರ್ಥ ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ, ಕೋಷ್ಟಕ ಸಾಮಾನ್ಯವಾಗಿ ಟವರಿನಲ್ಲೇ ಇರುತ್ತದೆ.

ಹಳೇ ಹ್ಯಾಲೊಜನ್ ಗನ್ನಿಗೆ ಹೋಲಿಸಿದರೆ ಎಲ್‌ಇಡಿಯದು ಬಹಳ ಸುಖ. ಬಣ್ಣದ ಗಾಜು ತಿರುಗಿಸುವ ಲಿವರ್ ಇಲ್ಲ, ಉಪ್ಪುಗಾಳಿಗೆ ಅದು ಬಿಗಿದುಕೊಳ್ಳುವ ಕಾಟವೂ ಇಲ್ಲ. ಒತ್ತಿದ ಕ್ಷಣಕ್ಕೆ ಬೆಳಕು. ಹಗಲಿನ ಬಳಕೆಗೆ ಬಣ್ಣದ ಬೆಳಕು ಕನಿಷ್ಠ 6000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು ಬಿಸಿಲಲ್ಲೂ ಆರಾಮಾಗಿ ದಾಟುತ್ತದೆ.

ಬೆಳಗಿನ ಪರೀಕ್ಷೆ ಹೀಗೆ. ಮೊದಲು ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಲೆನ್ಸ್ ಒರೆಸಿ, ಆಮೇಲೆ ಒಣ ಬಟ್ಟೆ. ಒಣಬಟ್ಟೆಯನ್ನೇ ಮೊದಲು ಉಜ್ಜಿದರೆ ಉಪ್ಪಿನ ಹರಳು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಲೆನ್ಸ್ ಮೇಲೆ ಗೀರು ಬಿಡುತ್ತದೆ. ನಂತರ ರನ್‌ವೇ ತುದಿಯ ಜೀಪಿನವರಿಂದ ವಾಕಿಟಾಕಿಯಲ್ಲಿ ಕೆಂಪು, ಹಸಿರು, ಬಿಳಿ ಮೂರೂ ಬಣ್ಣ ಹೇಳಿಸಿಕೊಳ್ಳಿ. ಗುರಿನಳಿಗೆ (ಕಣ್ಣಿಟ್ಟು ಗುರಿ ನೋಡುವ ಕೊಳವೆ) ನೆಟ್ಟಗಿದೆಯಾ ಅಂತಲೂ ಆಗಲೇ ಗೊತ್ತಾಗುತ್ತದೆ. ಬೆಳಕಿನ ಕೋಲಿನ ಹರವು 1ರಿಂದ 3 ಡಿಗ್ರಿ ಅಷ್ಟೇ. ನಳಿಗೆ 2 ಡಿಗ್ರಿ ವಾರೆಯಾದರೆ ಒಂದು ಕಿಲೋಮೀಟರ್ ದೂರದಲ್ಲಿ ಗುರಿ 35 ಮೀಟರ್ ತಪ್ಪುತ್ತದೆ.

ಇಷ್ಟೆಲ್ಲ ಹೊಗಳಿ ಜೂನ್‌ಗೆ ಬಂದರೆ ಕತೆಯೇ ಬೇರೆ. ಆಧುನೀಕರಣ ಅಂತ ಟವರಿನ ಮೇಲಂತಸ್ತಿಗೇ ಸರ್ವರ್, ಪರದೆ, ರೆಕಾರ್ಡರ್ ಎಲ್ಲ ತುಂಬುತ್ತಾರೆ. ಅವುಗಳ ಬಿಸಿಗೆ ಎಸಿಯನ್ನು 22ಕ್ಕೆ ಇಳಿಸುತ್ತಾರೆ. ಕಾರವಾರದ ಮಳೆಗಾಲದಲ್ಲಿ ಹೊರಗಿನ ಗಾಳಿ 25 ಡಿಗ್ರಿ ಆಸುಪಾಸಿನ ಯಾವ ವಸ್ತುವಿನ ಮೇಲಾದರೂ ಇಬ್ಬನಿ ಕಟ್ಟಲು ಸಿದ್ಧವಾಗಿರುತ್ತದೆ. ತಣ್ಣಗಿನ ಗನ್ ಹಿಡಿದು ಬಾಲ್ಕನಿಗೆ ಬಂದರೆ ಲೆನ್ಸ್ ಮಂಜು, ಬೆಳಕು ಚದುರಿ ಹೋಗುತ್ತದೆ. ಹ್ಯಾಲೊಜನ್ ತನ್ನ ಬಿಸಿಗೇ ಅದನ್ನು ಒಣಗಿಸಿಕೊಳ್ಳುತ್ತಿತ್ತು. ಎಲ್‌ಇಡಿಯ ಬಿಸಿ ಹಿಂದೆ ಬಿಸಿ ಹೀರುವ ಲೋಹದ ಹೀಟ್‌ಸಿಂಕಿಗೆ ಹೋಗುತ್ತದೆ, ಮುಂದಿನ ಲೆನ್ಸಿಗೆ ಏನೂ ಸಿಗುವುದಿಲ್ಲ. ಟವರಿನ ಗಾಜಿನ ಹೊರಮೈಯೂ ಇದೇ ಕಾರಣಕ್ಕೆ ಮಸುಕಾಗುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಕೋಣೆಯಲ್ಲಿ ಒಬ್ಬರು ವೈಪರ್ ಹಿಡಿದು ನಿಲ್ಲಬೇಕು!

ತಪ್ಪು ಗನ್ನಿನದಲ್ಲ ಅನ್ನುವುದನ್ನೂ ಹೇಳಬೇಕು. ಯಂತ್ರಗಳನ್ನು ಕೆಳಗಿನ ಕೋಣೆಗೆ ಇಳಿಸಿ, ಮೇಲಿನ ಎಸಿ 27ಕ್ಕೆ ಏರಿಸಿದರೆ ಎರಡೂ ಕಾಟ ಬಹುಪಾಲು ಮುಗಿಯಿತು. ಅದಾಗುವ ತನಕ ಗನ್ನನ್ನು ಎಸಿ ಇಲ್ಲದ ಮೆಟ್ಟಿಲ ಬಳಿ ಇಡಿ. ಲೆನ್ಸಿನ ಒಳಗೇ ಮಂಜು ಕಂಡರೆ ಸೀಲ್ ಹೋಗಿದೆ ಅಂತ ಅರ್ಥ. ರಬ್ಬರ್ ರಿಂಗ್ ಬದಲಿಸಿ ತೇವ ಹೀರುವ ಸಿಲಿಕಾ ಜೆಲ್ ಹೊಸದು ಹಾಕಿ. ಚಾರ್ಜರಿನ ಹಿತ್ತಾಳೆ ತುದಿಗೆ ಹಸಿರು ಕಿಲುಬು ಬರುತ್ತದೆ, ಕೆರೆದು ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ, ತೇವ ತಡೆಯುವ ಗ್ರೀಸ್) ತೆಳ್ಳಗೆ ಸವರಿದರೆ ಸಾಕು.

ಅಂಕೋಲಾದ ಅಲಗೇರಿಯ ನೌಕಾ ವಾಯುನೆಲೆಗೆ ಸಾಮಾನಿನ ಪಟ್ಟಿ ಬರೆಯುವವರು ಗನ್ನಿನ ಜೊತೆ ಬಾಲ್ಕನಿಗೆ ಗಾಳಿಯಾಡುವ, ಮಳೆ ತಾಗದ ಪೆಟ್ಟಿಗೆಯನ್ನೂ ಬರೆಸಲಿ. ಇಲ್ಲಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡುತ್ತಾರೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ, ಸಮುದ್ರದ ಪಕ್ಕ 304 ದರ್ಜೆಯದು ಬೇಗ ಕಲೆಗಟ್ಟುತ್ತದೆ.