ಕುದುರೆಯ ವಿಮೆ: ಬೆಲೆಗಲ್ಲ, ಕಾಲಿಗೆ ಮಾಡಿಸಿ

ಇಂಗ್ಲೆಂಡಿನಲ್ಲಿ ನೆಲೆಸಿ, ಮಕ್ಕಳ ಸವಾರಿಯ ಹುಚ್ಚಿಗೆ ಮಣಿದು ಕುದುರೆ ಕೊಳ್ಳಲು ಹೊರಟಿರುವ ಕನ್ನಡ ಕುಟುಂಬಗಳು ಈಚೆಗೆ ಒಂದೆರಡು ಕಣ್ಣಿಗೆ ಬಿದ್ದಿವೆ. ವಿಮೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅವರು ನಮ್ಮ ಮನೆಯ ಪಾಡನ್ನು ಓದಿಕೊಳ್ಳಲಿ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಆಮೇಲೆ ತರಿಸಿ ನೋಡಿದ ಬೇರೆ ಪಾಲಿಸಿಗಳಲ್ಲೂ ಹೆಚ್ಚುಕಡಿಮೆ ಇವೇ ಷರತ್ತುಗಳಿದ್ದವು.

ನಮ್ಮದು ಐರ್ಲೆಂಡಿನಿಂದ ಬಂದ ಕಾಬ್ ಕುದುರೆ. ದಪ್ಪ ಕಾಲು, ಶಾಂತ ಸ್ವಭಾವ. 12 ವರ್ಷ ವಯಸ್ಸು, 6,000 ಪೌಂಡ್ ಬೆಲೆ. ಪಂದ್ಯವಿಲ್ಲ, ಪ್ರದರ್ಶನವಿಲ್ಲ, ರಜೆಯ ದಿನ ಮಗಳು ಹಳ್ಳಿದಾರಿಯಲ್ಲಿ ಸುತ್ತಾಡಿ ಬರುತ್ತಾಳೆ, ಅಷ್ಟೇ. ವಿಮೆಗೆಂದು ಫೋನ್ ಮಾಡಿದಾಗ ಅತ್ತಲಿನವರು ಕೇಳಿದ ಮೊದಲ ಪ್ರಶ್ನೆಯೇ ಬೆಲೆ ಎಷ್ಟು ಎಂಬುದು. ಮುಂದಿನ ಮಾತೆಲ್ಲ ಆ 6,000ದ ಸುತ್ತಲೇ ಗಿರಕಿ ಹೊಡೆಯಿತು: ಸತ್ತರೆ ಇಷ್ಟು, ಕಳುವಾದರೆ ಇಷ್ಟು. ಪಶುವೈದ್ಯರ ಖರ್ಚಿನ ವಿಷಯ ಕೊನೆಯಲ್ಲಿ ಒಂದೇ ಉಸಿರಿನಲ್ಲಿ ಮುಗಿದುಹೋಯಿತು.

ಹಾಸನದ ಕಡೆ ಡೇರಿಯ ಹಸುಗಳಿಗೆ ವಿಮೆ ಮಾಡಿಸುವುದನ್ನು ನೋಡಿ ಬೆಳೆದವನು ನಾನು. ಅಲ್ಲಿ ವಿಮೆ ಎಂದರೆ ಹಸು ಸತ್ತರೆ ಬರುವ ದುಡ್ಡು; ಕಿವಿಯ ಓಲೆ ತೋರಿಸದಿದ್ದರೆ ಅದೂ ಇಲ್ಲ. ಇಲ್ಲಿನ ಹವ್ಯಾಸದ ಕುದುರೆಯ ಲೆಕ್ಕವೇ ಬೇರೆ. ಅದು ಸಾಯುವುದು ಅಪರೂಪ, ಕುಂಟುವುದು ಮಾಮೂಲು.

ನಮ್ಮದೂ ಕುಂಟಿತು, ಎಡ ಹಿಂಗಾಲಿನಲ್ಲಿ. ವೈದ್ಯರು ಅದನ್ನು ಗಟ್ಟಿ ನೆಲದ ಮೇಲೆ ಓಡಿಸಿದರು, ವೃತ್ತಾಕಾರವಾಗಿ ಸುತ್ತಿಸಿದರು. ಬಳಿಕ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗವನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ಯಾವಾಗ ಕುಂಟು ನಿಲ್ಲುತ್ತದೆಂದು ನೋಡಿದರು. ಎಕ್ಸ್‌ರೇ, ಸ್ಕ್ಯಾನ್ ಆದವು. ಗೊರಸಿನ ಮೇಲಿನ ಗೆಣ್ಣನ್ನು ಎತ್ತಿ ಹಿಡಿಯುವ ಅಸ್ಥಿರಜ್ಜು ಊದಿಕೊಂಡಿತ್ತು. ಔಷಧಿಯ ಮಾತು ಬರುವ ಮೊದಲೇ, ರೋಗ ಯಾವುದೆಂದು ಪತ್ತೆ ಹಚ್ಚುವುದಕ್ಕೇ ಸಾವಿರದ ಲೆಕ್ಕದಲ್ಲಿ ಪೌಂಡುಗಳು ಕರಗಿದ್ದವು. ಅದರ ಮೇಲೆ 20% ವ್ಯಾಟ್ ಬೇರೆ.

ಕ್ಲೇಮ್ ಹಾಕಿದೆವು. ಕಂಪನಿಯವರು ಹಿಂದಿನ ಮಾಲೀಕರ ಪಶುವೈದ್ಯರಿಂದ ಕುದುರೆಯ ಪೂರ್ತಿ ಚಿಕಿತ್ಸಾ ದಾಖಲೆ ತರಿಸಿಕೊಂಡರು. ಅದರಲ್ಲಿ, ಯಾವಾಗಲೋ ಲಸಿಕೆ ಹಾಕಲು ಹೋಗಿದ್ದ ವೈದ್ಯರು ಒಂದು ಸಾಲು ಗೀಚಿದ್ದರು: ‘ಹಿಂಭಾಗ ಕೊಂಚ ಬಿಗಿ, ಗಮನಿಸುವುದು.’ ಯಾವ ಕಾಲು ಎಂಬುದೂ ಅದರಲ್ಲಿರಲಿಲ್ಲ. ಆದರೆ ಕಂಪನಿಗೆ ಅಷ್ಟು ಸಾಕಾಯಿತು. ‘ಇದು ಮೊದಲೇ ಇದ್ದ ತೊಂದರೆ, ನೀವು ತಿಳಿಸಲಿಲ್ಲ’ ಎಂಬ ಉತ್ತರ ಬಂತು. ಕೊಳ್ಳುವ ಮುಂಚೆ ನಾವು ಐದು ಹಂತಗಳ ತಪಾಸಣೆ ಮಾಡಿಸಿದ್ದ ವರದಿಯನ್ನು ಅವರು ತಿರುವಿಯೂ ನೋಡಿದಂತಿರಲಿಲ್ಲ.

2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ, ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಡದಂತೆ ಎಚ್ಚರ ವಹಿಸುವುದಷ್ಟೇ ಗ್ರಾಹಕನ ಹೊಣೆ. ಕೇಳದೇ ಇದ್ದದ್ದನ್ನು, ಅದರಲ್ಲೂ ತನಗೇ ಗೊತ್ತಿಲ್ಲದ್ದನ್ನು ಮುಂದಾಗಿ ಹೇಳಬೇಕಿಲ್ಲ. ಲಿಖಿತ ದೂರು ಕೊಟ್ಟೆವು. ಎಂಟು ವಾರಗಳಲ್ಲಿ ತೀರ್ಮಾನ ಬಾರದಿದ್ದರೆ, ಅಥವಾ ಬಂದ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಇಂಥ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಹಣಕಾಸು ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹಳೆಯ ಬಿಗಿತಕ್ಕೂ ಈ ಊತಕ್ಕೂ ಸಂಬಂಧವಿಲ್ಲವೆಂದು ನಮ್ಮ ವೈದ್ಯರು ಬರೆದುಕೊಟ್ಟ ಒಂದು ಪುಟದ ಪತ್ರ ಕೆಲಸ ಮಾಡಿತು. ಹಣ ಬಂತು.

ಬಂತು ಎಂದು ಸಂಭ್ರಮಿಸುವಂತಿರಲಿಲ್ಲ. ಒಂದು ತೊಂದರೆಗೆ ಹನ್ನೆರಡು ತಿಂಗಳು ಮಾತ್ರ ಖರ್ಚು ಕೊಡುತ್ತಾರೆ. ಆ ಹನ್ನೆರಡು ತಿಂಗಳು ಶುರುವಾಗುವುದು ಹಣ ಮಂಜೂರಾದ ದಿನದಿಂದಲ್ಲ, ಕುಂಟು ಮೊದಲು ಕಂಡ ದಿನದಿಂದ. ನಾವು ಪತ್ರ ಬರೆಯುತ್ತ ಕಳೆದ ತಿಂಗಳುಗಳೆಲ್ಲ ಅದರಲ್ಲೇ ಸಂದುಹೋಗಿದ್ದವು. ನವೀಕರಣದ ಕಾಗದ ಬಂದಾಗ ಕಂತು ಏರಿತ್ತು, ಜೊತೆಗೆ ಹೊಸ ಸಾಲೊಂದು ಸೇರಿತ್ತು: ಎರಡೂ ಹಿಂಗಾಲುಗಳ ಯಾವುದೇ ಕುಂಟಿಗೆ ರಕ್ಷಣೆಯಿಲ್ಲ. ಬಲಗಾಲು ಏನು ಪಾಪ ಮಾಡಿತ್ತು ಎಂದು ಕೇಳಿದೆ. ಜೋಡಿ ಅಂಗಗಳನ್ನು ಒಂದಾಗಿಯೇ ಎಣಿಸುತ್ತಾರಂತೆ.

ಕುದುರೆ ಇನ್ನು ಸವಾರಿಗೆ ಬಾರದೆಂದು ಖಚಿತವಾದಾಗ ಆ 6,000 ಪೌಂಡಿನ ನಿಜರೂಪವೂ ಗೊತ್ತಾಯಿತು. ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಿದರೆ, ಬ್ರಿಟನ್ನಿನ ಕುದುರೆ ವೈದ್ಯರ ಸಂಘವಾದ ‘ಬೀವಾ’ ಹಾಕಿಕೊಟ್ಟಿರುವ ಮಾರ್ಗಸೂಚಿಗೆ ಅದು ಹೊಂದಿದರೆ ಮಾತ್ರ ಹಣ. ಅಂದರೆ ನೋವು ತಡೆಯಲಾಗದ, ವಾಸಿಯಾಗದ, ತಕ್ಷಣವೇ ಕೊನೆಗಾಣಿಸಬೇಕಾದ ಸ್ಥಿತಿಯಿರಬೇಕು. ಹುಲ್ಲುಗಾವಲಿನಲ್ಲಿ ಮೇಯ್ದುಕೊಂಡಿರಬಲ್ಲ ಕುದುರೆಗೆ ಅದು ಅನ್ವಯಿಸುವುದಿಲ್ಲ. ನಮಗೂ ಅದನ್ನು ಕೊಲ್ಲಿಸುವ ಮನಸ್ಸಿರಲಿಲ್ಲ, ಆ ಮಾತು ಬೇರೆ. ತಾನಾಗಿ ಸತ್ತರೂ ಕೊಡುವುದು ಪಾಲಿಸಿಯ ಮೊತ್ತ ಮತ್ತು ಆ ಹೊತ್ತಿನ ಮಾರುಕಟ್ಟೆ ಬೆಲೆ, ಈ ಎರಡರಲ್ಲಿ ಕಡಿಮೆಯದನ್ನು. ಕುಂಟು ಕುದುರೆಗೆ ಮಾರುಕಟ್ಟೆ ಬೆಲೆ ಎಲ್ಲಿಂದ ಬರಬೇಕು?

‘ಸವಾರಿಗೆ ಬಾರದಾದರೆ ಪರಿಹಾರ’ ಎಂಬ ಪ್ರತ್ಯೇಕ ರಕ್ಷಣೆಯೂ ಇದೆ. ನಾವು ಅದನ್ನು ತೆಗೆದುಕೊಂಡಿರಲಿಲ್ಲ. ಈಗಲೂ ಹವ್ಯಾಸದ ಕುದುರೆಗೆ ಬೇಡವೆಂದೇ ನನ್ನ ಅಭಿಪ್ರಾಯ. ಕಂತು ದುಬಾರಿ, ಕೊಡುವುದು ಬೆಲೆಯ ಒಂದು ಭಾಗ, ಮೊದಲೇ ಇದ್ದ ತೊಂದರೆ ಎಂಬ ತಕರಾರು ಅಲ್ಲಿಯೂ ತಪ್ಪಿದ್ದಲ್ಲ.

ಯಾವ ಕಾರಣಕ್ಕೂ ಬಿಡಬಾರದ್ದು ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ. 1996ರಲ್ಲಿ ಡೆವನ್‌ನಲ್ಲಿ ಬೆದರಿದ ಕುದುರೆಗಳು ಬೇಲಿ ಮುರಿದು ರಸ್ತೆಗೆ ನುಗ್ಗಿ, ಒಂದು ಕಾರಿಗೆ ಬಡಿದು ಚಾಲಕನಿಗೆ ತೀವ್ರ ಗಾಯವಾಯಿತು. ಬೇಲಿ ಸರಿಯಾಗಿಯೇ ಇತ್ತು, ಸಾಕಿದವರ ನಿರ್ಲಕ್ಷ್ಯವಿರಲಿಲ್ಲ. ಆದರೂ 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, 1971ರ ಪ್ರಾಣಿ ಕಾಯ್ದೆಯಡಿ ಅವರೇ ಹೊಣೆ ಎಂದು ಮೂರು–ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವ ಪಡೆದರೆ ಕೋಟಿ ಪೌಂಡುಗಳ ಲೆಕ್ಕದ ಈ ರಕ್ಷಣೆ ಅದರೊಂದಿಗೇ ಬರುತ್ತದೆ.

ಹೊಸದಾಗಿ ಕೊಳ್ಳುವವರು ಕುದುರೆಯ ದುಡ್ಡು ಕೊಡುವ ಮೊದಲೇ ಮಾರುವವರಿಂದ ಅದರ ಚಿಕಿತ್ಸಾ ದಾಖಲೆಯನ್ನು ತರಿಸಿಕೊಳ್ಳಿ. ಅದನ್ನು ವಿಮಾ ಕಂಪನಿಗೆ ಕಳುಹಿಸಿ, ಯಾವುದಕ್ಕೆ ರಕ್ಷಣೆ ಕೊಡುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ವೈದ್ಯರ ಖರ್ಚಿನ ಮಿತಿ ಒಂದು ತೊಂದರೆಗೋ ಇಡೀ ವರ್ಷಕ್ಕೋ, ಸ್ಕ್ಯಾನಿಗೆ ಒಳಮಿತಿ ಇದೆಯೇ, ಎಷ್ಟು ವಯಸ್ಸಾದ ಮೇಲೆ ಕಾಯಿಲೆಯ ರಕ್ಷಣೆ ನಿಂತು ಅಪಘಾತದ್ದು ಮಾತ್ರ ಉಳಿಯುತ್ತದೆ ಎಂದು ಕೇಳಿ. ಕಾಯಿಲೆಗೆ ಸಾಮಾನ್ಯವಾಗಿ ಮೊದಲ 14 ದಿನ ರಕ್ಷಣೆಯಿರುವುದಿಲ್ಲ. ದಿಢೀರನೆ ಬಂದರೂ ಹೊಟ್ಟೆಶೂಲೆ ಕಾಯಿಲೆಯೇ, ಅಪಘಾತವಲ್ಲ. ಪಾಲಿಸಿ ಕೈಗೆ ಬಂದ ಮೇಲೆ ರದ್ದು ಮಾಡಲು ಕೂಡ 14 ದಿನ ಇರುತ್ತದೆ.

ನಾವು ಪಾಲಿಸಿ ಬಿಟ್ಟು ಹಾರ್ಸ್ ಸೊಸೈಟಿಯ ಸದಸ್ಯತ್ವ ಉಳಿಸಿಕೊಂಡಿದ್ದೇವೆ. ಕಂತಿನ ಹಣ ತಿಂಗಳು ತಿಂಗಳು ಬೇರೆ ಖಾತೆಗೆ ಹೋಗುತ್ತಿದೆ. ವಿಮೆ ಮಾಡಿಸಿದವರು ಮಾತ್ರ ಕಂಪನಿಯ ತುರ್ತು ಸಂಖ್ಯೆಯನ್ನೂ ಪಾಲಿಸಿ ಸಂಖ್ಯೆಯನ್ನೂ ಲಾಯದ ಬಾಗಿಲಿಗೆ ಅಂಟಿಸಿಡಿ. ವೈದ್ಯರು ತುರ್ತೆಂದು ಪ್ರಮಾಣಪತ್ರ ಕೊಡದ ಹೊರತು, ಕಂಪನಿಗೆ ತಿಳಿಸದೆ ದಯಾಮರಣ ಕೊಡಿಸಿದರೆ ಆ ಕ್ಲೇಮ್ ಅಲ್ಲಿಗೇ ಮುಗಿಯಬಹುದು.